ಬಾಡಿ ಲಿಫ್ಟ್ ಬೇರೆ, ಇಂಜಿನ್ ಮೌಂಟಿಂಗ್ ಬೇರೆ: ಜೀಪ್ ಮಾಲೀಕರೇ, ಎರಡನ್ನೂ ಒಂದೇ ಬಿಲ್ಲಿಗೆ ಹಾಕಿಸೋ ಮುಂಚೆ ಇದನ್ನ ಓದಿ

ಹೊಸನಗರ: ಮಳೆ ಕಡಿಮೆಯಾಗಿ ಕೊಡಚಾದ್ರಿ ಸೀಸನ್ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಗ್ಯಾರೇಜುಗಳಿಗೆ ಪುರುಸೊತ್ತು ಇರಲ್ಲ. ನಿಟ್ಟೂರು, ಸಂಪೆಕಟ್ಟೆ, ಕೊಲ್ಲೂರು ಕಡೆಯ ಜೀಪುಗಳು ಒಂದೊಂದಾಗಿ ಕೆಲಸಕ್ಕೆ ಬಂದು ನಿಲ್ತವೆ. ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್, ಕಮಾನ್ ಪ್ಲೇಟ್, ಬುಷ್, ಇದೆಲ್ಲ ಪ್ರತಿ ವರ್ಷದ ಕೆಲಸ. ಈಗ ಆ ಪಟ್ಟಿಗೆ ಇನ್ನೊಂದು ಸೇರಿಕೊಳ್ತಾ ಇದೆ. "ಗಾಡಿ ಸ್ವಲ್ಪ ಎತ್ತಿಸೋಣ" ಅನ್ನೋ ಮಾತು. ಹೊಸ ಥಾರ್ ತಗೊಂಡ ಹುಡುಗರು ಹೇಳ್ತಾರೆ, ಹಳೇ ಮೇಜರ್, ಕಮಾಂಡರ್ ಇಟ್ಟುಕೊಂಡು ಬಾಡಿಗೆ ಹೊಡೆಯೋರೂ ಕೇಳೋಕೆ ಶುರು ಮಾಡಿದ್ದಾರೆ.

ಗ್ಯಾರೇಜಿನಲ್ಲಿ ಇದಕ್ಕೆ ಎರಡು ಕೆಲಸ ಜೊತೆಜೊತೆಗೆ ಹೇಳ್ತಾರೆ. ಒಂದು ಬಾಡಿ ಲಿಫ್ಟ್. ಇನ್ನೊಂದು ಇಂಜಿನ್ ಮೌಂಟಿಂಗ್ ಬದಲಿಸಿ ಇಂಜಿನ್ನನ್ನೂ ಸ್ವಲ್ಪ ಮೇಲಕ್ಕೆ ಕೂರಿಸೋದು. ಒಂದೇ ದಿನ, ಒಂದೇ ಜಾಕ್ ಮೇಲೆ, ಒಂದೇ ಬಿಲ್ಲಿನಲ್ಲಿ ಎರಡೂ ಮುಗಿದುಹೋಗುತ್ತೆ. ಆದರೆ ಘಾಟಿ ರಸ್ತೆಯ ಲೆಕ್ಕದಲ್ಲಿ ನೋಡಿದರೂ, ಆರ್‌ಟಿಒ ಲೆಕ್ಕದಲ್ಲಿ ನೋಡಿದರೂ ಇವೆರಡೂ ಒಂದೇ ಜಾತಿಯ ಕೆಲಸ ಅಲ್ಲ. ಹಾಳಾದ ಮೌಂಟಿಂಗ್ ತೆಗೆದು ಕಂಪನಿಯದೇ ಅಳತೆಯ ಹೊಸದು ಹಾಕೋದು ರಿಪೇರಿ. ಅದು ಮಾಡಿಸಲೇಬೇಕಾದ್ದು. ಬಾಡಿ ಎತ್ತೋದು ಮಾರ್ಪಾಡು. ಅದರಿಂದ ಸಿಗೋ ಲಾಭ ಜನ ಅಂದುಕೊಂಡಷ್ಟಿಲ್ಲ, ಕೊಡಬೇಕಾದ ಬೆಲೆ ಮಾತ್ರ ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಈ ವ್ಯತ್ಯಾಸ ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳೋದು ಬೆಂಗಳೂರಿಂದ ವೀಕೆಂಡಿಗೆ ಬರೋರಲ್ಲ, ಇಲ್ಲಿ ಜೀಪು ಓಡಿಸಿ ಮನೆ ನಡೆಸೋರು.

ಬಾಡಿ ಲಿಫ್ಟ್ ಅಂದ್ರೆ ಏನು?

ಜೀಪು, ಥಾರ್ ಥರದ ಗಾಡಿಗಳಲ್ಲಿ ಕೆಳಗಡೆ ಚಾಸಿ ಬೇರೆ, ಮೇಲಿನ ಬಾಡಿ ಬೇರೆ. ಎರಡರ ನಡುವೆ ಅಲ್ಲಲ್ಲಿ ರಬ್ಬರ್ ಬುಷ್ ಇಟ್ಟು ಉದ್ದ ಬೋಲ್ಟ್ ಹಾಕಿ ಬಿಗಿದಿರ್ತಾರೆ. ನಾವು ದಿನಾ ಓಡಿಸೋ ಸಣ್ಣ ಕಾರುಗಳಲ್ಲಿ ಹೀಗಿರಲ್ಲ, ಅಲ್ಲಿ ಬಾಡಿಯೇ ಚಾಸಿ. ಅದಕ್ಕೇ ಬಾಡಿ ಲಿಫ್ಟ್ ಅನ್ನೋದು ಜೀಪು, ಪಿಕಪ್ ಥರದ ಗಾಡಿಗಳಿಗೆ ಮಾತ್ರ ಆಗೋ ಕೆಲಸ.

ಬಾಡಿ ಲಿಫ್ಟ್ ಮಾಡೋರು ಆ ಬೋಲ್ಟುಗಳನ್ನ ಸಡಿಲಿಸಿ, ಒಂದು ಬದಿಯಿಂದ ಜಾಕ್ ಕೊಟ್ಟು ಬಾಡಿ ಎತ್ತಿ, ರಬ್ಬರ್ ಜಾಗದಲ್ಲಿ ಒಂದರಿಂದ ಮೂರು ಇಂಚು ದಪ್ಪದ ಬಿಲ್ಲೆ ಇಟ್ಟು, ಮೊದಲಿಗಿಂತ ಉದ್ದದ ಬೋಲ್ಟ್ ಹಾಕಿ ಮತ್ತೆ ಬಿಗೀತಾರೆ. ಒಳ್ಳೆ ಕಿಟ್ ಆದರೆ ಬಿಲ್ಲೆ ಗಟ್ಟಿ ಪಾಲಿಯುರೆಥೇನ್ ಅಥವಾ ಅಲ್ಯೂಮಿನಿಯಂನದ್ದು, ಬೋಲ್ಟ್ ಹೈಟೆನ್ಸಿಲ್. ದುಡ್ಡು ಉಳಿಸೋಕೆ ಹೋದರೆ ಲೇತಿನಲ್ಲಿ ಕಡೆಸಿದ ನೈಲಾನ್ ತುಂಡು, ಜಿಐ ಪೈಪ್ ತುಂಡು, ಟೈರ್ ಕತ್ತರಿಸಿದ ರಬ್ಬರ್, ಯಾವುದು ಕೈಗೆ ಸಿಗುತ್ತೋ ಅದು. ಸಸ್ಪೆನ್ಷನ್ ಎತ್ತೋ ಕಿಟ್‌ಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ. ಜನಕ್ಕೆ ಇಷ್ಟ ಆಗೋದೂ ಅದಕ್ಕೇ.

ಎತ್ತರ ಸಿಗೋದು ಎಲ್ಲಿ, ಸಿಗದೇ ಇರೋದು ಎಲ್ಲಿ?

ಕಲ್ಲಿನ ರಸ್ತೆಯಲ್ಲಿ ಗಾಡಿ ಕೆಳಗೆ ತಾಗೋದು ಎಲ್ಲಿ ಅಂತ ಕೊಡಚಾದ್ರಿ ಹತ್ತಿದ ಯಾವ ಡ್ರೈವರನ್ನ ಕೇಳಿದರೂ ಹೇಳ್ತಾರೆ. ಹೌಸಿಂಗ್, ಅಂದ್ರೆ ಆಕ್ಸಲ್ ನಡುವಿನ ಆ ಗುಂಡು. ಆಮೇಲೆ ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿ, ಸೈಲೆನ್ಸರ್. ಬಾಡಿ ಲಿಫ್ಟ್ ಮಾಡಿಸಿದ ಮೇಲೆ ಇವು ಮೂರೂ ಎಲ್ಲಿದ್ದವೋ ಅಲ್ಲೇ ಇರ್ತವೆ. ಒಂದು ಎಂಎಂ ಕೂಡ ಮೇಲೆ ಹೋಗಲ್ಲ. ಎತ್ತರ ಆಗೋದು ಫುಟ್‌ಬೋರ್ಡ್, ಡೋರು, ಸೀಟು ಮತ್ತು ಸೀಟಿನ ಮೇಲೆ ಕೂತವರು.

ಹಾಗಾದ್ರೆ ಯಾಕೆ ಮಾಡಿಸ್ತಾರೆ? ದೊಡ್ಡ ಟೈರಿಗೆ. ಬಾಡಿ ಮೇಲೆ ಹೋದರೆ ಮಡ್‌ಗಾರ್ಡ್ ಒಳಗೆ ಜಾಗ ಸಿಗುತ್ತೆ, ಅಲ್ಲಿ ದೊಡ್ಡ ಟೈರ್ ಕೂರುತ್ತೆ. ಹೌಸಿಂಗನ್ನ ನೆಲದಿಂದ ನಿಜವಾಗಿ ಎತ್ತೋದು ಟೈರ್ ಒಂದೇ. ಅದರಲ್ಲೂ ಅರ್ಧದ ಲೆಕ್ಕ. 28 ಇಂಚಿನ ಟೈರ್ ತೆಗೆದು 31 ಇಂಚಿನದು ಹಾಕಿದರೆ ಮೂರು ಇಂಚು ಹೆಚ್ಚಾಯ್ತು ಅಂತ ಅಂದ್ಕೋತೀವಿ. ಆಕ್ಸಲ್ ಇರೋದು ಚಕ್ರದ ನಡುಮಧ್ಯ, ಹಾಗಾಗಿ ನೆಲದಿಂದ ಸಿಗೋದು ಒಂದೂವರೆ ಇಂಚು ಮಾತ್ರ.

ಆ ಒಂದೂವರೆ ಇಂಚಿಗೆ ಏನು ಕೊಡ್ತೀವಿ ಅನ್ನೋದನ್ನೂ ನೋಡಿ. ಟೈರ್ ಸುತ್ತಳತೆ ಸುಮಾರು ಶೇ 10ರಷ್ಟು ಜಾಸ್ತಿ ಆಗುತ್ತೆ. ಮೀಟರಿನಲ್ಲಿ 40 ತೋರಿಸಿದರೆ ಗಾಡಿ ಓಡ್ತಿರೋದು 44ರಲ್ಲಿ. ಅದು ಸಣ್ಣ ವಿಷಯ ಅಂತಲೇ ಇಟ್ಟುಕೊಳ್ಳಿ. ದೊಡ್ಡ ವಿಷಯ ಏನಂದ್ರೆ, ಚಕ್ರಕ್ಕೆ ಸಿಗೋ ಎಳೆತ ಹೆಚ್ಚೂಕಡಿಮೆ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಆಗುತ್ತೆ. ಹತ್ತುವಾಗ ಕ್ಲಚ್ ಸುಡುತ್ತೆ. ಇಳಿಯುವಾಗ ಫಸ್ಟ್ ಗೇರಿನಲ್ಲಿ ಇಂಜಿನ್ ಹಿಡಿದುಕೊಳ್ಳೋ ಶಕ್ತಿಯೂ ಕಮ್ಮಿ ಆಗುತ್ತೆ. ಆ ಕೊರತೆ ತುಂಬಬೇಕಾದ್ದು ಬ್ರೇಕು. 1,343 ಮೀಟರ್ ಎತ್ತರದ ಬೆಟ್ಟದಿಂದ ಜನ ತುಂಬಿಕೊಂಡು ಇಳಿಯೋ ಜೀಪಿಗೆ ಬ್ರೇಕ್ ಡ್ರಮ್ ಕಾಯೋದು ಅಂದ್ರೆ ಏನು ಅಂತ ಆ ರೂಟಿನವರಿಗೆ ಹೇಳಿಕೊಡಬೇಕಾಗಿಲ್ಲ.

ಎಳೆದುಕೊಳ್ಳೋ ಜಾಗಗಳು

ಬಾಡಿ ಮತ್ತು ಚಾಸಿ ನಡುವೆ ಬರೀ ಬೋಲ್ಟ್ ಇರಲ್ಲ. ಒಂದು ತುದಿ ಬಾಡಿಯಲ್ಲಿ, ಇನ್ನೊಂದು ತುದಿ ಚಾಸಿಯಲ್ಲಿ ಇರೋ ಎಷ್ಟೋ ವಸ್ತುಗಳಿವೆ. ಬಾಡಿ ಎರಡು ಇಂಚು ಮೇಲೆ ಹೋದರೆ ಅವೆಲ್ಲ ಎರಡು ಇಂಚು ಎಳೆದುಕೊಳ್ತವೆ. ಗಾಡಿಯಿಂದ ಗಾಡಿಗೆ ವ್ಯತ್ಯಾಸ ಉಂಟು, ಆದರೆ ನೋಡಲೇಬೇಕಾದ ಜಾಗಗಳು ಇವು.

ಸ್ಟೀರಿಂಗ್: ಕಾಲಂ ಬಾಡಿಗೆ ಹಿಡಿದಿರುತ್ತೆ, ಸ್ಟೀರಿಂಗ್ ಬಾಕ್ಸ್ ಚಾಸಿಗೆ. ನಡುವಿನ ಶಾಫ್ಟ್ ಒಂದರೊಳಗೊಂದು ಜಾರೋ ಥರದ್ದಾದರೆ ಅದು ಹೊರಗೆ ಎಳೆದುಕೊಳ್ಳುತ್ತೆ. ಒಳಗೆ ಹಿಡಿತ ಎಷ್ಟು ಉಳಿದಿದೆ ಅಂತ ಅಳೆದು ನೋಡದೆ ರಸ್ತೆಗೆ ಇಳಿಸಿದರೆ, ಗುಂಡಿಯಲ್ಲಿ ಚಾಸಿ ಮುರಿಗೆ ಬಿದ್ದಾಗ ಕಳಚಿಕೊಳ್ಳೋ ಅಪಾಯ ಇದೆ. ಜಾರದ ಶಾಫ್ಟ್ ಆದರೆ ಜಾಯಿಂಟ್ ಓರೆಯಾಗಿ ಸ್ಟೀರಿಂಗ್ ಬಿಗಿಯಾಗುತ್ತೆ.

ಬ್ರೇಕ್: ಮಾಸ್ಟರ್ ಸಿಲಿಂಡರ್ ಬಾಡಿ ಕಡೆ ಇರೋ ಗಾಡಿಗಳಲ್ಲಿ ಅಲ್ಲಿಂದ ಚಾಸಿಗೆ ಇಳಿಯೋ ಪೈಪು ಎಳೆದು ನಿಲ್ಲುತ್ತೆ. ಬಿಗಿಯಾಗಿ ನಿಂತ ಪೈಪು ಅದುರಿ ಅದುರಿ ಒಂದು ದಿನ ಬಿರುಕು ಬಿಡುತ್ತೆ. ಹ್ಯಾಂಡ್‌ಬ್ರೇಕ್ ಕೇಬಲ್‌ದೂ ಇದೇ ಕಥೆ.

ಡೀಸೆಲ್ ತುಂಬೋ ಪೈಪು: ಟ್ಯಾಂಕ್ ಚಾಸಿಯಲ್ಲಿ, ಮುಚ್ಚಳ ಬಾಡಿಯಲ್ಲಿ ಇದ್ದರೆ ನಡುವಿನ ರಬ್ಬರ್ ಪೈಪು ಕಚ್ಚಿಕೊಂಡಿರೋ ಅಳತೆ ಕಡಿಮೆಯಾಗುತ್ತೆ.

ಗೇರ್ ಲಿವರ್: ಗೇರ್‌ಬಾಕ್ಸ್ ಕೆಳಗೇ ಉಳಿದು ನೆಲ ಮೇಲೆ ಬಂದಿರುತ್ತೆ. ಲಿವರ್ ಕುಳ್ಳಗಾಗುತ್ತೆ. ಫೋರ್ ವೀಲ್ ಲಿವರ್ ನೆಲದ ತೂತಿನ ಅಂಚಿಗೆ ತಾಗಿ ಪೂರ್ತಿ ಬೀಳದೇ ಇರಬಹುದು. ಕೆಸರಿನಲ್ಲಿ ಲೋ ಗೇರ್ ತಪ್ಪಿ ಬಂದರೆ ಏನಾಗುತ್ತೆ ಯೋಚಿಸಿ.

ಅರ್ಥಿಂಗ್ ಪಟ್ಟಿ: ಬಾಡಿಯಿಂದ ಚಾಸಿಗೆ, ಇಂಜಿನ್ನಿಗೆ ಹೋಗೋ ಅರ್ಥ್ ವೈರ್ ಎಳೆದು ತುಂಡಾದರೆ ಸ್ಟಾರ್ಟಿಂಗ್ ಟ್ರಬಲ್ ಶುರು. ಎಷ್ಟೋ ಸಲ ಜನ ಬ್ಯಾಟರಿಗೆ ಬೈದು ಹೊಸ ಬ್ಯಾಟರಿ ಹಾಕಿಸಿಕೊಳ್ತಾರೆ, ತೊಂದರೆ ಇರೋದು ಇಲ್ಲಿ.

ಇದರ ಮೇಲೆ ನಮ್ಮ ಮಲೆನಾಡಿನದೇ ಒಂದು ಸಮಸ್ಯೆ ಇದೆ, ತುಕ್ಕು. ಇಲ್ಲಿನ ಮಳೆಗೆ ಹಳೇ ಜೀಪಿನ ನೆಲದ ತಗಡು, ಬೋಲ್ಟ್ ಕೂರೋ ಕಿವಿಗಳು ಮೊದಲು ಹೋಗ್ತವೆ. ಗಿಡ್ಡ ಬೋಲ್ಟ್ ಹಿಡಿದುಕೊಂಡಿದ್ದ ತಗಡಿಗೆ ಎರಡು ಇಂಚು ಎತ್ತರದ ಬಿಲ್ಲೆ ಇಟ್ಟು ಉದ್ದ ಬೋಲ್ಟ್ ಹಾಕಿದರೆ, ಗಾಡಿ ಪಕ್ಕಕ್ಕೆ ವಾಲಿದಾಗ ಬೀಳೋ ಎಳೆತ ಸನ್ನೆಗೋಲು ಹಾಕಿ ಮೀಟಿದ ಹಾಗೆ ಹೆಚ್ಚಾಗುತ್ತೆ. ಬೋಲ್ಟ್ ಬಗ್ಗಬಹುದು, ತಗಡೇ ಹರಿದು ವಾಷರ್ ಸಮೇತ ಮೇಲೆ ಬರಬಹುದು. ಇದು ಹೊಸ ಥಾರ್‌ಗಿಂತ 20 ವರ್ಷ ಹಳೇ ಜೀಪಿಗೆ ಜಾಸ್ತಿ ಅನ್ವಯ.

ಇಂಜಿನ್ ಯಾಕೆ ಎತ್ತಬೇಕಾಗುತ್ತೆ?

ಬಾಡಿ ಲಿಫ್ಟ್ ಜೊತೆ ಮೌಂಟಿಂಗ್ ಮಾತು ಬರೋದಕ್ಕೆ ಕಾರಣ ಇದೆ. ರೇಡಿಯೇಟರ್ ಮುಂದಿನ ಗ್ರಿಲ್ಲಿಗೆ, ಅಂದ್ರೆ ಬಾಡಿ ಕಡೆಗೆ ಹಿಡಿದಿರೋ ಗಾಡಿಯಲ್ಲಿ ಬಾಡಿ ಜೊತೆ ರೇಡಿಯೇಟರೂ ಅದರ ಸುತ್ತಿನ ಫ್ಯಾನ್ ಕವರೂ ಮೇಲೆ ಹೋಗ್ತವೆ. ಫ್ಯಾನ್ ಇರೋದು ಇಂಜಿನ್ನಿನಲ್ಲಿ, ಅದು ಕೆಳಗೇ ಉಳಿಯುತ್ತೆ. ಫ್ಯಾನ್ ರೆಕ್ಕೆ ಕವರಿನ ಕೆಳಅಂಚಿಗೆ ತಾಗೋಕೆ ಶುರು. ತಾಗದಿದ್ದರೂ ಫ್ಯಾನ್ ಗಾಳಿ ಎಳೆಯೋದು ರೇಡಿಯೇಟರಿನ ಕೆಳಭಾಗದಿಂದ ಮಾತ್ರ, ಹತ್ತುವಾಗ ಹೀಟ್ ಏರುತ್ತೆ. ಇದನ್ನ ಸರಿ ಮಾಡೋಕೆ ಎರಡು ದಾರಿ. ಕವರನ್ನ ಕೆಳಗೆ ಇಳಿಸಿ ಕೂರಿಸೋದು ಒಂದು. ಎತ್ತರದ ಮೌಂಟಿಂಗ್ ಹಾಕಿ ಇಂಜಿನ್ನನ್ನೂ ಸುಮಾರು ಒಂದು ಇಂಚು ಎತ್ತೋದು ಇನ್ನೊಂದು.

ಇಂಜಿನ್ ಎತ್ತಿದರೆ ಅದರ ಬಾಲಂಗೋಚಿ ಮತ್ತೆ ಬೇರೆ. ಮುಂಭಾಗ ಮಾತ್ರ ಮೇಲೆ ಹೋಗಿ ಹಿಂದೆ ಗೇರ್‌ಬಾಕ್ಸ್ ಓರೆಯಾಗುತ್ತೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತೆ. ಲೆಕ್ಕ ತಪ್ಪಿದರೆ ಜಾಯಿಂಟ್ ಕ್ರಾಸ್ ಬೇಗ ಸವೆದು ಗಾಡಿ ನಡುಗುತ್ತೆ. ಸೈಲೆನ್ಸರ್ ಪೈಪು, ಆಕ್ಸಿಲರೇಟರ್ ಕೇಬಲ್, ನೀರಿನ ಪೈಪು ಎಲ್ಲ ಮತ್ತೆ ಹೊಂದಿಸಬೇಕು. ಕೆಲವರು ರಬ್ಬರೇ ಬೇಡ ಅಂತ ಕಬ್ಬಿಣದ ತುಂಡು ವೆಲ್ಡ್ ಮಾಡಿ ಇಂಜಿನ್ ಕೂರಿಸ್ತಾರೆ. ಡೀಸೆಲ್ ಇಂಜಿನ್ನಿನ ನಡುಕ ಪೂರಾ ಚಾಸಿಗೆ ಹೋಗುತ್ತೆ. ಬ್ರಾಕೆಟ್ಟಿನ ವೆಲ್ಡಿಂಗ್ ಬಿರುಕು ಬಿಡೋದು ಆಮೇಲೆ ಬರೀ ಸಮಯದ ಪ್ರಶ್ನೆ.

ಹಾಗಂತ ಮೌಂಟಿಂಗ್ ಮುಟ್ಟಲೇಬೇಡಿ ಅಂತಲ್ಲ. ನಿಜ ಹೇಳಬೇಕಂದ್ರೆ ಬೆಟ್ಟದ ಜೀಪಿಗೆ ಅತಿ ಹೆಚ್ಚು ಬೇಕಾಗಿರೋದು ಒಳ್ಳೆ ಮೌಂಟಿಂಗ್. ಅದು ರಬ್ಬರ್ ಮತ್ತು ಕಬ್ಬಿಣ ಅಂಟಿಸಿದ ವಸ್ತು, ಇಂಜಿನ್ ಭಾರ ಹೊತ್ತುಕೊಂಡು ಅದರ ನಡುಕ ನುಂಗುತ್ತೆ. ಆಯಿಲ್ ಸೋರಿ ಅದರ ಮೇಲೆ ಬಿದ್ದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ, ವಯಸ್ಸಾದರೆ ಗಟ್ಟಿಯಾಗಿ ಸೀಳುತ್ತೆ. ಹೋಗಿದೆಯಾ ಅಂತ ತಿಳಿಯೋಕೆ ಮೆಕ್ಯಾನಿಕ್ ಬೇಕಾಗಿಲ್ಲ. ಐಡಲ್‌ನಲ್ಲಿ ಗಾಡಿ ವಿಪರೀತ ನಡುಗುತ್ತಾ? ಕ್ಲಚ್ ಬಿಡುವಾಗ ದಡ್ ಅಂತ ಹೊಡೆಯುತ್ತಾ? ಗೇರ್ ಲಿವರ್ ಕುಣಿಯುತ್ತಾ? ಸೈಲೆನ್ಸರ್ ಜಾಯಿಂಟ್ ಪದೇ ಪದೇ ಒಡೆಯುತ್ತಾ? ಹಾಗಿದ್ದರೆ ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬಾನೆಟ್ ತೆಗೆದು ಪಕ್ಕದಲ್ಲಿ ನಿಂತು ನೋಡಿ. ಗಾಡಿ ಮುಂದೆ ಯಾರೂ ನಿಲ್ಲಬಾರದು. ಒಬ್ಬರು ಸೀಟಿನಲ್ಲಿ ಕೂತು ಬ್ರೇಕ್ ತುಳಿದುಕೊಂಡೇ ಮೊದಲು ಫಸ್ಟ್, ಆಮೇಲೆ ರಿವರ್ಸ್ ಹಾಕಿ ಕ್ಲಚ್ ಸ್ವಲ್ಪವೇ ಬಿಡಲಿ. ಇಂಜಿನ್ ಒಂದು ಬದಿಗೆ ಎದ್ದು ಬಿದ್ದರೆ ಮೌಂಟಿಂಗ್ ಮುಗಿದಿದೆ ಅಂತ ಅರ್ಥ.

ಇದನ್ನ ಕಂಪನಿ ಅಳತೆಯದ್ದೇ ಹಾಕಿಸಿ. ಎರಡೂ ಬದಿ ಒಟ್ಟಿಗೆ, ಗೇರ್‌ಬಾಕ್ಸ್ ಕೆಳಗಿನದ್ದೂ ಸೇರಿಸಿ. ಒಂದು ಬದಿ ಹೊಸದು, ಇನ್ನೊಂದು ಬದಿ ಹಳೇದು ಇದ್ದರೆ ಹೊಸದೂ ಬೇಗ ಹೋಗುತ್ತೆ.

ಜನ ಕೂತ ಮೇಲೆ ಲೆಕ್ಕ ಬೇರೆ

ಬಾಡಿ ಲಿಫ್ಟ್ ಪರವಾಗಿ ಒಂದು ವಾದ ಇದೆ. ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಕೆಳಗೇ ಇರ್ತವೆ, ಹಾಗಾಗಿ ಗಾಡಿಯ ಭಾರದ ಕೇಂದ್ರ ಸಸ್ಪೆನ್ಷನ್ ಎತ್ತಿದಷ್ಟು ಮೇಲೆ ಹೋಗಲ್ಲ ಅಂತ. ಖಾಲಿ ಗಾಡಿಗೆ ಈ ಮಾತು ಸರಿ. ಒಬ್ಬರೇ ಓಡಿಸಿಕೊಂಡು ಹೋಗೋ ಥಾರ್‌ಗೂ ಹೆಚ್ಚೂಕಡಿಮೆ ಸರಿ.

ಬಾಡಿಗೆ ಜೀಪಿಗೆ ಇದು ಸರಿ ಬರಲ್ಲ. ಎಂಟು ಜನ ಕೂತರು ಅಂತ ಇಟ್ಟುಕೊಳ್ಳಿ, ಸರಾಸರಿ 60 ಕೆಜಿ ಹಿಡಿದರೂ 480 ಕೆಜಿ. ಈ ಭಾರ ಪೂರ್ತಿ ಕೂರೋದು ಎತ್ತಿದ ಬಾಡಿಯ ಮೇಲೆ, ಅದೂ ಸೀಟಿನ ಎತ್ತರದಲ್ಲಿ. ಮೇಲೆ ಕ್ಯಾರಿಯರ್ ಇದ್ದು ಬ್ಯಾಗು ಕಟ್ಟಿದರೆ ಅದೂ ಎರಡು ಇಂಚು ಮೇಲೆ. ಗಾಡಿಯ ಅಗಲ ಮಾತ್ರ ಇದ್ದಷ್ಟೇ ಇದೆ. ಒಂದು ಬದಿ ಚಕ್ರ ಕೊರಕಲಿಗೆ ಇಳಿದು, ಇನ್ನೊಂದು ಬದಿ ದಿಬ್ಬದ ಮೇಲೆ ನಿಂತು, ಗಾಡಿ ಕಣಿವೆ ಕಡೆ ವಾಲಿದಾಗ ಉರುಳೋದಾ, ನಿಲ್ಲೋದಾ ಅಂತ ತೀರ್ಮಾನ ಮಾಡೋದು ಅಗಲ ಮತ್ತು ಭಾರದ ಎತ್ತರ, ಇವೆರಡೇ. ಎರಡು ಇಂಚು ಅಂದ್ರೆ ಟಾರು ರಸ್ತೆಯಲ್ಲಿ ಗೊತ್ತೂ ಆಗಲ್ಲ. ಅಂಥ ಜಾಗದಲ್ಲಿ ಅದಕ್ಕೇ ಜೀವದ ಬೆಲೆ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿ ಮಾರ್ಪಾಡಿನ ಬಗ್ಗೆ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಮಾಲೀಕ ಗಾಡಿ ಬದಲಾಯಿಸಬಾರದು ಅನ್ನೋದು ಅದರ ಸಾರ. ಇದಕ್ಕೆ ಎಷ್ಟು ಬಿಗಿಯಾದ ಅರ್ಥ ಕೊಡಬೇಕು ಅನ್ನೋ ಪ್ರಶ್ನೆ ಕೇರಳದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯ್ತು. 2019ರ ಜನವರಿಯಲ್ಲಿ ಕೋರ್ಟ್ ತಯಾರಕರ ಮೂಲ ಸ್ಪೆಸಿಫಿಕೇಶನ್ ಬದಲಿಸುವಂತಿಲ್ಲ ಅಂತ ಹೇಳಿತು. ಬಣ್ಣದಂಥ ಕೆಲವು ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಸೇರಿಸೋ ದಾರಿ ಇದೆ. ಸಿಎನ್‌ಜಿ ಥರದ ಇಂಧನ ಬದಲಾವಣೆಗೆ, ಅಂಗವಿಕಲರಿಗೆ ಹೊಂದುವಂತೆ ಮಾಡಿಸೋ ಗಾಡಿಗೆ ಕಾಯ್ದೆಯಲ್ಲೇ ಅವಕಾಶ ಇದೆ. "ರಸ್ತೆ ಸರಿ ಇಲ್ಲ, ಅದಕ್ಕೆ ಎತ್ತಿಸಿದೆ" ಅನ್ನೋದು ಆ ಪಟ್ಟಿಯಲ್ಲಿ ಇಲ್ಲ.

ಅದೇ 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಸೆಕ್ಷನ್ 182ಎ ಸೇರಿತು. ಅನುಮತಿ ಇಲ್ಲದ ರೀತಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. "ಒಂದೊಂದು ಮಾರ್ಪಾಡಿಗೂ" ಅನ್ನೋ ಪದ ಗಮನಿಸಿ. ಬಾಡಿ ಲಿಫ್ಟ್ ಒಂದು, ಹೊರಗೆ ಚಾಚಿದ ದೊಡ್ಡ ಟೈರ್ ಒಂದು, ಮುಂದಿನ ಕಬ್ಬಿಣದ ಬಂಪರ್ ಒಂದು, ಹೀಗೆ ಲೆಕ್ಕ ಬೆಳೀಬಹುದು. ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಿದ ಗಾಡಿಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು.

ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೂ ಇದರಲ್ಲಿ ಒಂದು ಮಾತಿದೆ. ಸುರಕ್ಷತೆಗೆ ಮುಖ್ಯ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಬಿಡಿಭಾಗವನ್ನ ನಿಯಮಕ್ಕೆ ಹೊಂದದೇ ಇದ್ದರೂ ಮಾರಿದರೆ, ಒಂದು ವರ್ಷದವರೆಗೆ ಜೈಲು ಅಥವಾ ಒಂದೊಂದು ಬಿಡಿಭಾಗಕ್ಕೆ 1 ಲಕ್ಷ ರೂಪಾಯಿ ದಂಡ ಅಂತ ಅದೇ ಸೆಕ್ಷನ್ ಹೇಳುತ್ತೆ. "ನಾನು ಮಾರಿದೆ ಅಷ್ಟೇ, ಹಾಕಿದ್ದು ಅವರು" ಅನ್ನೋ ಉತ್ತರ ಎಲ್ಲ ಕಡೆ ನಡೆಯಲ್ಲ.

ಯೆಲ್ಲೋ ಬೋರ್ಡ್ ಗಾಡಿಗೆ ಇನ್ನೊಂದು ಗೇಟ್ ಇದೆ, ಎಫ್‌ಸಿ. ಎಂಟು ವರ್ಷದವರೆಗಿನ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದರ ಮೇಲೆ ಪ್ರತಿ ವರ್ಷ. ಕೊಡಚಾದ್ರಿ ಹತ್ತೋ ಜೀಪುಗಳಲ್ಲಿ ಹೆಚ್ಚಿನವು ಹಳೇವೇ. ಅವರು ವರ್ಷ ವರ್ಷ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಬೇಕು. ಎತ್ತಿದ ಬಾಡಿ ಅಲ್ಲಿ ಕಣ್ಣಿಗೆ ಬಿದ್ದರೆ ಬಿಚ್ಚಿಸಿ ತನ್ನಿ ಅಂತಾರೆ. ಸೀಸನ್ ಮಧ್ಯೆ ಎರಡು ದಿನ ಗಾಡಿ ನಿಂತರೆ ಆ ಬಾಡಿಗೆ ಯಾರು ಕೊಡ್ತಾರೆ?

ಇನ್ಶೂರೆನ್ಸ್ ಅನ್ನೋ ಹಗ್ಗ

ದಂಡ ಕಟ್ಟಿ ಮುಗಿಸಬಹುದು. ಇನ್ಶೂರೆನ್ಸ್ ವಿಷಯ ಹಾಗಲ್ಲ. ಪಾಲಿಸಿ ಮಾಡಿಸುವಾಗ ಕೊಟ್ಟ ಗಾಡಿಯ ವಿವರ, ಅಪಘಾತ ಆದಾಗ ಸರ್ವೇಯರ್ ಕಣ್ಣಿಗೆ ಕಾಣೋ ಗಾಡಿ, ಎರಡೂ ಹೊಂದಬೇಕು. ತಿಳಿಸದೇ ಮಾಡಿಸಿದ ಮಾರ್ಪಾಡು ಕಂಡರೆ ಗಾಡಿಯ ಸ್ವಂತ ಡ್ಯಾಮೇಜ್ ಕ್ಲೇಮನ್ನ ಕಂಪನಿ ಕಡಿಮೆ ಮಾಡಬಹುದು, ಪೂರ್ತಿ ತಳ್ಳಿಹಾಕಲೂಬಹುದು. ತಿಳಿಸೋಣ ಅಂದರೆ, ಆರ್‌ಟಿಒ ಒಪ್ಪದ ಮಾರ್ಪಾಡನ್ನ ಇನ್ಶೂರೆನ್ಸ್ ಕಂಪನಿ ಒಪ್ಪುತ್ತೆ ಅಂತ ಕಾಯೋದು ಕಷ್ಟ.

ಜನಕ್ಕೆ ಪೆಟ್ಟಾದಾಗ ಕಥೆ ಇನ್ನೂ ಗಂಭೀರ. ಗಾಯಗೊಂಡವರಿಗೆ ಪರಿಹಾರ ಸಿಗಲಿ ಅಂತ ನ್ಯಾಯಮಂಡಳಿಗಳು ಕೆಲವು ಕೇಸುಗಳಲ್ಲಿ ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂತ ಆದೇಶ ಮಾಡ್ತವೆ. ಪರ್ಮಿಟ್ ಇಲ್ಲದೆ ಓಡಿಸಿದ ಗಾಡಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದೇ ದಾರಿಯನ್ನ ಎತ್ತಿಹಿಡಿದಿದೆ. ಬಾಡಿ ಲಿಫ್ಟ್ ಆದ ಗಾಡಿಗೆಲ್ಲ ಹೀಗೇ ಆಗುತ್ತೆ ಅಂತ ಇದರ ಅರ್ಥ ಅಲ್ಲ. ಆದರೆ ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆ ಹೊಡೆದು, ಮೇಲೆ ಮಾರ್ಪಾಡೂ ಮಾಡಿಸಿದ್ದರೆ, ಕಂಪನಿಯ ವಕೀಲರ ಕೈಗೆ ನಾವೇ ಹಗ್ಗ ಕೊಟ್ಟ ಹಾಗೆ. ಲಕ್ಷಗಟ್ಟಲೆ ಪರಿಹಾರದ ಮೊತ್ತ ಒಬ್ಬ ಜೀಪ್ ಮಾಲೀಕನ ಮೇಲೆ ಬಿದ್ದರೆ ಅಡಿಕೆ ತೋಟ ಮಾರಿದರೂ ತೀರಲ್ಲ.

ಆಸೆ ಎಲ್ಲಿಂದ ಬಂತು, ಭಾರ ಯಾರ ಮೇಲೆ?

ಗೋವಾದಲ್ಲಿ 2014ರಿಂದ ಮಳೆಗಾಲದಲ್ಲಿ ರೇನ್‌ಫಾರೆಸ್ಟ್ ಚಾಲೆಂಜ್ ಅನ್ನೋ ಆಫ್‌ರೋಡ್ ಸ್ಪರ್ಧೆ ನಡೆಸ್ತಾರೆ. ಅಂಥ ಸ್ಪರ್ಧೆಗಳ ವಿಡಿಯೋ ಫೋನಿನಲ್ಲಿ ನೋಡಿ ನೋಡಿ ಹುಡುಗರಿಗೆ ಹುಚ್ಚು ಹತ್ತಿದೆ, ತಪ್ಪಲ್ಲ. ಆದರೆ ಆ ಗಾಡಿಗಳು ಸ್ಪರ್ಧೆಗೆ ಅಂತಲೇ ತಯಾರಾದವು. ಒಳಗೆ ರೋಲ್ ಕೇಜ್, ತಲೆಗೆ ಹೆಲ್ಮೆಟ್, ಮೈಗೆ ಬೆಲ್ಟ್. ಕೂರೋದು ಇಬ್ಬರು. ಗಾಡಿ ಉರುಳಿದರೆ ಎದ್ದು ಬರೋ ಏರ್ಪಾಡು ಇಟ್ಟುಕೊಂಡೇ ಇಳೀತಾರೆ. ಹಿಂದಿನ ಸೀಟಿನಲ್ಲಿ ಮಕ್ಕಳನ್ನ ತೊಡೆ ಮೇಲೆ ಕೂರಿಸಿಕೊಂಡು ದೇವರ ದರ್ಶನಕ್ಕೆ, ಸರ್ವಜ್ಞ ಪೀಠಕ್ಕೆ ಹೊರಟ ಕುಟುಂಬಕ್ಕೆ ಅದ್ಯಾವುದೂ ಇಲ್ಲ.

ಹೊಸ ಥಾರ್ ಅನ್ನೇ ತಗೊಳ್ಳಿ. 2020ರಲ್ಲಿ ಬಂದ ಮಾಡೆಲ್ಲಿಗೆ ಕಂಪನಿ ಹೇಳೋ ಗ್ರೌಂಡ್ ಕ್ಲಿಯರೆನ್ಸ್ 226 ಎಂಎಂ, ನೀರಿನಲ್ಲಿ ಇಳಿಯೋ ಆಳ 650 ಎಂಎಂ. ನಮ್ಮ ತಾಲ್ಲೂಕಿನ ತೋಟದ ರಸ್ತೆಗೆ, ಹಳ್ಳ ದಾಟೋದಕ್ಕೆ ಇದು ಧಾರಾಳ ಸಾಕು. ವಾರಂಟಿ ಇರೋ ಗಾಡಿಗೆ ಬಾಡಿ ಬೋಲ್ಟ್ ಬಿಚ್ಚಿಸಿದರೆ ವಾರಂಟಿ ಮಾತು ಬಂದಾಗ ಷೋರೂಮಿನವರು ಮೊದಲು ತೋರಿಸೋದೂ ಅದನ್ನೇ.

ಇನ್ನು ತಪಾಸಣೆ ವಿಷಯ. ಕೆಎ-15 ಇರಲಿ, ಕೆಎ-20 ಇರಲಿ, ಊರಿನ ಜೀಪು ಒಂದೇ ರೂಟಿನಲ್ಲಿ ದಿನಾ ಓಡುತ್ತೆ, ಚೆಕ್ಕಿಂಗ್ ಅಂತ ನಿಂತರೆ ಮೊದಲು ಸಿಗೋದು ಅದೇ. ವೀಕೆಂಡಿಗೆ ಬಂದ ಎತ್ತರದ ಗಾಡಿ ಭಾನುವಾರ ಸಂಜೆ ಹೊರಟುಹೋಗಿರುತ್ತೆ. ಈ ಅನ್ಯಾಯದ ಬಗ್ಗೆ ಡ್ರೈವರುಗಳಿಗೆ ಸಿಟ್ಟಿರೋದು ಸಹಜ. ಅದಕ್ಕೆ ಉತ್ತರ ಎಲ್ಲರೂ ಎತ್ತಿಸೋದಲ್ಲ. ನಾಕಾ ಬಳಿ ಎಲ್ಲ ಬೋರ್ಡಿನ ಗಾಡಿಗೂ ಒಂದೇ ಅಳತೆಯ ತಪಾಸಣೆ ಮಾಡಿ ಅಂತ ಜೀಪು ಚಾಲಕರ ಸಂಘಟನೆಗಳು ಒಟ್ಟಾಗಿ ಸಾರಿಗೆ ಇಲಾಖೆಯನ್ನ ಕೇಳಬೇಕು. ಯಾವುದು ರಿಪೇರಿ, ಯಾವುದು ಮಾರ್ಪಾಡು ಅಂತ ಕನ್ನಡದಲ್ಲಿ ಒಂದು ಪಟ್ಟಿ ಮಾಡಿ ಆರ್‌ಟಿಒ ಕಚೇರಿ ಗೋಡೆಗೆ ಅಂಟಿಸಿದರೆ ಅರ್ಧ ಗೊಂದಲ ಹೋಗುತ್ತೆ. ಸೀಸನ್ನಿಗೆ ಮುಂಚೆ ರಸ್ತೆಯ ಕೊರಕಲು ಮುಚ್ಚಿಸಿ, ಮಳೆನೀರು ರಸ್ತೆ ಮೇಲೆ ಹರಿಯದ ಹಾಗೆ ಚರಂಡಿ ತೆಗೆಸಿದರೆ ಗಾಡಿ ಎತ್ತಿಸೋ ಮಾತೇ ಕಡಿಮೆಯಾಗುತ್ತೆ. ವನ್ಯಜೀವಿ ಅಭಯಾರಣ್ಯದೊಳಗಿನ ದಾರಿ ಆದ್ದರಿಂದ ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಆ ಮಾತುಕತೆಯನ್ನ ಮಳೆಗಾಲದಲ್ಲೇ, ಜೀಪು ನಿಂತಿರೋ ಹೊತ್ತಲ್ಲೇ ಶುರು ಮಾಡೋದು ಒಳ್ಳೇದು.

ಹಾಗಾದ್ರೆ ದುಡ್ಡು ಯಾವುದಕ್ಕೆ ಹಾಕಬೇಕು?

ಬಾಡಿ ಲಿಫ್ಟಿಗೆ ಇಟ್ಟ ದುಡ್ಡನ್ನೇ ಇಲ್ಲಿ ಹಾಕಿ. ಸತ್ತುಹೋದ ಕಮಾನ್ ಪ್ಲೇಟ್ ಇದ್ದರೆ ಕಂಪನಿ ಅಳತೆಯ ಹೊಸ ಸೆಟ್ ಹಾಕಿಸಿ. ಕುಸಿದ ಪ್ಲೇಟಿನಿಂದ ಕಳಕೊಂಡ ಎತ್ತರ ಕಾನೂನು ಪ್ರಕಾರವೇ ವಾಪಸ್ ಬರುತ್ತೆ, ಹೌಸಿಂಗಿಗೂ ಚಾಸಿಗೂ ನಡುವಿನ ಜಾಗವೂ ಬರುತ್ತೆ. ಟೈರ್ ಅದೇ ಸೈಜಿನಲ್ಲಿ ಕೆಸರಿಗೆ ಹಿಡಿಯೋ ಗುಂಡಿಯದು ತಗೊಳ್ಳಿ. ಬಾಡಿ ರಬ್ಬರ್ ಸವೆದಿದ್ದರೆ ಮೂಲ ದಪ್ಪದ ಹೊಸದು ಹಾಕಿಸಿ, ಎಷ್ಟೋ ಸಲ ಡೋರು ಜೋತುಬಿದ್ದು ಸದ್ದು ಮಾಡೋದು ಅದರಿಂದಲೇ. ಮುಂದಿನ ಆಕ್ಸಲಿಗೆ ಫೋರ್ ವೀಲ್ ನಿಜವಾಗಿ ಬೀಳುತ್ತಾ ಅಂತ ನೋಡಿಸಿ. ಇಂಜಿನ್ ಮೌಂಟಿಂಗ್, ಗೇರ್‌ಬಾಕ್ಸ್ ಮೌಂಟಿಂಗ್ ಮೇಲೆ ಹೇಳಿದ ಹಾಗೆ ಬದಲಿಸಿ.

ಗ್ಯಾರೇಜಿನವರಿಗೂ ಒಂದು ಮಾತು. ಮೌಂಟಿಂಗ್ ಬದಲಿಸಿದ್ದಕ್ಕೆ "ಇಂಜಿನ್ ಮೌಂಟಿಂಗ್ ರಿಪೇರಿ, ಮೂಲ ಅಳತೆ" ಅಂತ ಬೇರೆ ಬಿಲ್ ಬರೆದು ತಾರೀಖು ಹಾಕಿ ಕೊಡಿ. ಗಿರಾಕಿ ಹಠ ಹಿಡಿದು ಬಾಡಿ ಎತ್ತಲೇಬೇಕು ಅಂದರೆ ಆರ್‌ಟಿಒ ಒಪ್ಪಿಗೆ ಪತ್ರ ಮೊದಲು ತೋರಿಸಿ ಅನ್ನಿ. ಒಂದು ಕೆಲಸ ಕೈತಪ್ಪಿ ಹೋಗಬಹುದು. ಆದರೆ ನಾಳೆ ಏನಾದರೂ ಆದರೆ ಪೊಲೀಸರು ಮೊದಲು ಕೇಳೋದು "ಇದನ್ನ ಮಾಡಿದ್ದು ಯಾವ ಗ್ಯಾರೇಜು?" ಅಂತ.

ಈಗಾಗಲೇ ಎತ್ತಿಸಿದವರು ಈ ವಾರವೇ ಒಂದು ಕೆಲಸ ಮಾಡಿ. ಗಾಡಿ ಕೆಳಗೆ ನುಗ್ಗಿ ಸ್ಟೀರಿಂಗ್ ಶಾಫ್ಟ್, ಬ್ರೇಕ್ ಪೈಪು, ಬಾಡಿ ಬೋಲ್ಟ್ ಮೂರನ್ನೂ ಟಾರ್ಚ್ ಹಾಕಿ ನೋಡಿ. ಎಳೆದು ನಿಂತ ಪೈಪು, ಓರೆಯಾದ ಬೋಲ್ಟ್, ತುಕ್ಕು ಉದುರುತ್ತಿರೋ ಕಿವಿ ಯಾವುದು ಕಂಡರೂ ಜನ ಹತ್ತಿಸಬೇಡಿ. ಬಿಲ್ಲೆ ತೆಗೆದು ಮೂಲ ರಬ್ಬರ್ ಹಾಕೋದು ಹೆಚ್ಚು ಹೊತ್ತಿನ ಕೆಲಸ ಅಲ್ಲ. ಎಫ್‌ಸಿ ಡೇಟ್ ಹತ್ತಿರ ಇರೋರು ಸೀಸನ್ ಶುರುವಾಗೋ ಮೊದಲೇ ಅದನ್ನ ಮುಗಿಸಿಕೊಳ್ಳಿ.